ದೇವರು ಮುನಿದದ್ದು ಎಲ್ಲಿ?

2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡಗಳು ಜಾರುತ್ತಿದ್ದ ವಾರ. ಸ್ಟುಡಿಯೋದಲ್ಲಿ ನನ್ನ ಎಡಗಡೆ ಒಬ್ಬರು ಜ್ಯೋತಿಷಿ, ಬಲಗಡೆ ಭೂವಿಜ್ಞಾನ ಪಾಠ ಮಾಡುವ ಒಬ್ಬರು ಮೇಷ್ಟ್ರು. ಪರದೆಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಪಟ್ಟಿ ಓಡುತ್ತಿತ್ತು: 'ಪ್ರಕೃತಿಯ ವಿಕೋಪವೋ? ದೈವದ ಮುನಿಸೋ?' ಆ ಸಾಲು ಬರೆದುಕೊಟ್ಟವನು ನಾನೇ. ಚರ್ಚೆ ಜೋರಾಗಿತ್ತು. ಜ್ಯೋತಿಷಿಗಳು ಗ್ರಹಗತಿ ಹೇಳಿದರು, ಮೇಷ್ಟ್ರು ಮಣ್ಣಿನ ಪದರ ಅಂದರು, ಇಬ್ಬರ ದನಿಯೂ ಏರಿತು. ಅಷ್ಟರಲ್ಲಿ ಪರಿಹಾರ ಕೇಂದ್ರದಿಂದ ಒಬ್ಬರು ಫೋನ್ ಮಾಡಿದರು. ಮನೆ ಹೋಗಿತ್ತು, ತೋಟ ಹೋಗಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸಾರ್, ದೇವರು ಮುನಿದಿದ್ದಾರೋ ಇಲ್ವೋ ಅದು ಆಮೇಲೆ ನೋಡೋಣ. ಮುನಿದಿದ್ರೆ ಎಲ್ಲಿ ಮುನಿದಿದ್ದಾರೆ ಅಂತ ಹೇಳಿ. ಆ ಜಾಗ ಬಿಟ್ಟು ಬೇರೆ ಕಡೆ ಮನೆ ಕಟ್ಕೋತೀವಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಜ್ಯೋತಿಷಿಗಳ ಹತ್ತಿರವೂ ಇರಲಿಲ್ಲ. ನಾನು ಬ್ರೇಕ್ ತಗೊಂಡೆ.

ವೀಕ್ಷಕರೇ, ಯಾಕೆ ಮುನಿದರು ಅಂತ ನಾವು ದಿನವಿಡೀ ಕೇಳ್ತೀವಿ. ಎಲ್ಲಿ ಮುನಿದರು ಅಂತ ಕೇಳೋದು ಬಿಟ್ಟಿದ್ದೀವಿ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನೋದು ನನಗೆ ಅರ್ಥವಾದದ್ದು ಒಂದು ದೇಶದ ಕಥೆಗಳನ್ನು ಓದುತ್ತಾ ಹೋದಾಗ. ಆ ದೇಶ ಜಪಾನ್. ನಾನು ಅಲ್ಲಿಗೆ ಹೋಗಿ ಬಂದವನಲ್ಲ. ಆದರೆ 2011ರ ಮಾರ್ಚ್ 11, ಶುಕ್ರವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 11 ಗಂಟೆ 16 ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿದಾಗ ನಾನು ನ್ಯೂಸ್ ರೂಮಿನಲ್ಲಿದ್ದೆ. ಹೆಲಿಕಾಪ್ಟರಿನಿಂದ ನೇರ ಚಿತ್ರ ಬರ್ತಾ ಇತ್ತು. ಕಪ್ಪು ನೀರು ಗದ್ದೆಗಳ ಮೇಲೆ ಹರಿದು ಬರ್ತಾ ಇದೆ, ಮನೆಗಳು ತೇಲ್ತಾ ಇವೆ, ರಸ್ತೆಯ ಮೇಲೆ ಕಾರುಗಳು ಇನ್ನೂ ಓಡ್ತಾ ಇವೆ. ಮಾತಿನಿಂದಲೇ ಹೊಟ್ಟೆ ಹೊರೆಯುವ ನಾವೆಲ್ಲ ಅವತ್ತು ಬಾಯಿ ಕಟ್ಟಿ ನಿಂತಿದ್ದೆವು. 9.0 ತೀವ್ರತೆಯ ಆ ಭೂಕಂಪ ಮತ್ತು ಸುನಾಮಿಯಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಕಣ್ಮರೆಯಾದರು.

ಅದಾಗಿ ಸ್ವಲ್ಪ ಕಾಲಕ್ಕೆ ಒಂದು ಪುಟ್ಟ ಗುಡಿಯ ಸುದ್ದಿ ಓದಿದೆ. ಅದನ್ನು ಹೇಳೋಕೆ ಮೊದಲು ಅಲ್ಲಿನ ನೀರಿನ ದೇವರುಗಳ ಪರಿಚಯ ಆಗಬೇಕು.

ಜಪಾನಿನ ನಕ್ಷೆ ನೋಡಿ. ನಡುವೆ ಕಡಿದಾದ ಬೆಟ್ಟಗಳು, ಅಂಚಿನಲ್ಲಿ ಒಂದಿಷ್ಟು ಬಯಲು, ಸುತ್ತ ಸಮುದ್ರ. ನಮ್ಮ ಕೃಷ್ಣೆ, ಕಾವೇರಿಯ ಹಾಗೆ ನಿಧಾನಕ್ಕೆ ನೂರಾರು ಮೈಲಿ ಸಾಗುವ ನದಿಗಳು ಅಲ್ಲಿಲ್ಲ. ಬೆಟ್ಟದಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಬಯಲಿಗೆ ಧುಮುಕುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಒಂದರ ಹಿಂದೆ ಒಂದು ಚಂಡಮಾರುತ. ಜನ ಬೇಸಾಯ ಮಾಡೋದು ಭತ್ತ. ನೀರಿಲ್ಲದಿದ್ದರೆ ಬದುಕಿಲ್ಲ, ನೀರು ಹೆಚ್ಚಾದರೂ ಬದುಕಿಲ್ಲ. ಹೀಗಾಗಿ ಊರೂರಿಗೆ, ಬಾವಿಗೆ, ಊಟೆಗೆ, ನದಿಯ ತಿರುವಿಗೆ ಒಂದೊಂದು ನೀರಿನ ದೇವರು. ಅದನ್ನು 'ಸುಯ್‌ಜಿನ್' ಅಂತಾರೆ, ಅಂದರೆ ಜಲದೇವತೆ. ಎಷ್ಟೋ ಕಡೆ ಅದಕ್ಕೆ ಗುಡಿ ಕೂಡ ಇಲ್ಲ. ದಂಡೆಯ ಮೇಲೆ ಒಂದು ಕಲ್ಲು, ಅದರ ಮೇಲೆ ಎರಡು ಅಕ್ಷರ, ಅಷ್ಟೇ.

ಕ್ಯೋಟೋ ನಗರದ ಉತ್ತರಕ್ಕೆ ಬೆಟ್ಟದ ಮಡಿಲಲ್ಲಿ ಕಿಫುನೆ ಅನ್ನುವ ದೇಗುಲ ಇದೆ. ಮಳೆಯ ದೇವರ ಜಾಗ. ಹಿಂದೆ ಅರಮನೆಯಿಂದ ಅಲ್ಲಿಗೆ ಕುದುರೆ ಕಳಿಸುತ್ತಿದ್ದರಂತೆ. ಮಳೆ ಬೇಕಾದರೆ ಕಪ್ಪು ಕುದುರೆ, ಮಳೆ ನಿಲ್ಲಬೇಕಾದರೆ ಬಿಳಿ ಕುದುರೆ. ಒಂದೇ ದೇವರಿಗೆ ಎರಡು ಹರಕೆ! ಕೊಡುವವನೂ ಅವನೇ, ಕಿತ್ತುಕೊಳ್ಳುವವನೂ ಅವನೇ ಅನ್ನುವ ತಿಳಿವಳಿಕೆ ಅದು.

ಇಲ್ಲಿ ನಮಗೂ ಒಂದು ನಂಟಿದೆ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋದ ನಮ್ಮ ದೇವರುಗಳು ಜಪಾನಿನಲ್ಲಿ ನೀರಿನ ದೇವರುಗಳಾಗಿ ನೆಲೆ ನಿಂತಿವೆ. ನಮ್ಮ ವರುಣ ಅಲ್ಲಿ 'ಸುಯ್‌ತೆನ್'. ನಮ್ಮ ನಾಗರು ಅಲ್ಲಿನ ಡ್ರ್ಯಾಗನ್ ರಾಜರ ಜೊತೆ ಬೆರೆತುಹೋದರು. ನಮ್ಮ ಸರಸ್ವತಿ ಅಲ್ಲಿ 'ಬೆನ್‌ಝೈತೆನ್'. ನಾವು ಸರಸ್ವತಿಯನ್ನು ಪುಸ್ತಕದ ಕಪಾಟಿಗೆ ತಂದುಬಿಟ್ಟೆವು. ಅವಳು ಮೂಲದಲ್ಲಿ ನದಿ ಅನ್ನೋದನ್ನು ಅವರು ನೆನಪಿಟ್ಟರು. ಇವತ್ತಿಗೂ ಅಲ್ಲಿ ಅವಳ ಗುಡಿ ಇರೋದು ಹೆಚ್ಚಾಗಿ ಕೊಳದ ನಡುವೆ, ದ್ವೀಪದ ಮೇಲೆ.

ಟೋಕಿಯೋಗೆ ಹತ್ತಿರ ಎನೊಶಿಮಾ ಅಂತ ಒಂದು ದ್ವೀಪ ಇದೆ. ಅಲ್ಲಿನ ಸ್ಥಳಪುರಾಣ ಕೇಳಿ. ಐದು ತಲೆಯ ಡ್ರ್ಯಾಗನ್ ಒಂದು ಜವುಗು ಕೆರೆಯಲ್ಲಿ ಕೂತು ಸುತ್ತಲಿನ ಊರುಗಳನ್ನು ಕಾಡುತ್ತಿತ್ತು. ಬೆಟ್ಟ ಕುಸಿಯುವಂತೆ ಮಾಡುತ್ತಿತ್ತು, ಪ್ರವಾಹ ತರುತ್ತಿತ್ತು, ಮಕ್ಕಳನ್ನು ನುಂಗುತ್ತಿತ್ತು. 552ರಲ್ಲಿ ಭೂಮಿ ಗಡಗಡ ನಡುಗಿ ಸಮುದ್ರದಿಂದ ಒಂದು ದ್ವೀಪ ಎದ್ದಿತು, ಅದರ ಮೇಲೆ ಬೆನ್‌ಝೈತೆನ್ ಇಳಿದಳು ಎನ್ನುತ್ತದೆ ಕಥೆ. ಡ್ರ್ಯಾಗನ್ ಅವಳನ್ನು ಮೋಹಿಸಿತು. ಜನರನ್ನು ಕಾಡುವುದು ಬಿಟ್ಟರೆ ಮಾತ್ರ, ಅಂದಳು ಆಕೆ. ಡ್ರ್ಯಾಗನ್ ಬಿಟ್ಟಿತು. ಕೊನೆಗೆ ಬೆಟ್ಟವಾಗಿ ಮಲಗಿ ಊರನ್ನು ಕಾಯತೊಡಗಿತು. ಕಥೆ ಪ್ರೇಮದ್ದು. ಅದರ ಒಳಗಿರೋದು ಮಾತ್ರ ಭೂಕಂಪ, ಗುಡ್ಡ ಕುಸಿತ, ನೆರೆ. ನಮ್ಮ ಚಾನೆಲ್ ಭಾಷೆಯಲ್ಲಿ ಹೇಳೋದಾದರೆ ಮೂರೂ ಬ್ರೇಕಿಂಗ್ ನ್ಯೂಸ್!

ಜಪಾನಿನ ಅತಿ ಹಳೆಯ ಗ್ರಂಥ 'ಕೊಜಿಕಿ', ಸಿದ್ಧವಾದದ್ದು 712ರಲ್ಲಿ. ಅದರಲ್ಲಿ ಎಂಟು ತಲೆ, ಎಂಟು ಬಾಲದ ಮಹಾಸರ್ಪದ ಕಥೆ ಬರುತ್ತದೆ. ಇಝುಮೊ ಸೀಮೆಯಲ್ಲಿ ಹೀ ಅನ್ನುವ ನದಿಯ ದಂಡೆಯಲ್ಲಿ ಮುದುಕ ಮುದುಕಿ ಅಳುತ್ತಾ ಕೂತಿದ್ದಾರೆ. ಎಂಟು ಹೆಣ್ಣುಮಕ್ಕಳಿದ್ದರು, ವರ್ಷಕ್ಕೊಬ್ಬಳಂತೆ ಸರ್ಪ ತಿಂದಿದೆ, ಈಗ ಉಳಿದಿರುವುದು ಒಬ್ಬಳೇ. ಆ ಸರ್ಪ ಎಂಥದ್ದು? ಎಂಟು ಕಣಿವೆ, ಎಂಟು ಬೆಟ್ಟಗಳ ಉದ್ದಕ್ಕೂ ಚಾಚಿದ ಮೈ. ಮೈಮೇಲೆ ಪಾಚಿ, ಮರಗಳು. ಹೊಟ್ಟೆಯಲ್ಲಿ ಸದಾ ರಕ್ತ. ಬಿರುಗಾಳಿಯ ಸ್ವಭಾವದ ದೇವರು ಸುಸಾನೊ ಬಂದು ಎಂಟು ಬಾನಿಗಳಲ್ಲಿ ಹೆಂಡ ಇಟ್ಟು, ಸರ್ಪ ಕುಡಿದು ಮಲಗಿದಾಗ ಕಡಿದು ಹಾಕುತ್ತಾನೆ.

ಈಗ ಆ ವರ್ಣನೆಯನ್ನೇ ಇನ್ನೊಮ್ಮೆ ಓದಿ. ಹಲವು ಕವಲು, ಬೆಟ್ಟ ಕಣಿವೆ ದಾಟುವ ಉದ್ದ, ಮೈಮೇಲೆ ಮರ, ವರ್ಷಕ್ಕೊಮ್ಮೆ ಬಂದು ನುಂಗುವ ಅಭ್ಯಾಸ. ಇದು ಹಾವಾ, ನದಿಯಾ? ಉಳಿದ ಮಗಳ ಹೆಸರಿನಲ್ಲೇ ಭತ್ತದ ಗದ್ದೆ ಅನ್ನುವ ಅರ್ಥ ಅಡಗಿದೆ. ಹೀ ನದಿಯ ಪಾತ್ರದಲ್ಲಿ ಕಬ್ಬಿಣದ ಮರಳು ಹೇರಳ, ಕೆಂಪು ಹೊಟ್ಟೆಯ ಗುಟ್ಟು ಅದೇ ಅಂತಾರೆ. ಉಕ್ಕುವ ನದಿಯೇ ಸರ್ಪ, ಅದು ನುಂಗುವ ಗದ್ದೆಯೇ ಆ ಹುಡುಗಿ ಅಂತ ಅನೇಕ ವಿದ್ವಾಂಸರು ಈ ಕಥೆಯನ್ನು ಬಿಡಿಸಿದ್ದಾರೆ.

ಜಲದೇವರಿಗೆ ನರಬಲಿ ಕೇಳುವ ಹಸಿವೂ ಇತ್ತು. ನಮ್ಮ 'ಕೆರೆಗೆ ಹಾರ'ದ ಭಾಗೀರಥಿ ನಿಮಗೆಲ್ಲ ಗೊತ್ತು. ಅಂಥದ್ದೇ ಒಂದು ಪ್ರಸಂಗ 720ರ 'ನಿಹೊನ್ ಶೋಕಿ' ಗ್ರಂಥದಲ್ಲಿದೆ. ಇವತ್ತಿನ ಒಸಾಕಾ ಬಳಿ ನದಿಗೆ ಒಡ್ಡು ಕಟ್ಟುತ್ತಿದ್ದರು. ಎರಡು ಕಡೆ ಎಷ್ಟು ಕಟ್ಟಿದರೂ ಒಡೆದು ಹೋಗುತ್ತಿತ್ತು. ಚಕ್ರವರ್ತಿಯ ಕನಸಿನಲ್ಲಿ ದೇವರು ಬಂದು ಇಬ್ಬರು ಗಂಡಸರ ಹೆಸರು ಹೇಳಿ, ಅವರನ್ನು ನದಿಗೆ ಕೊಟ್ಟರೆ ಒಡ್ಡು ನಿಲ್ಲುತ್ತದೆ ಅಂದರು. ಮೊದಲನೆಯವನು ಅಳುತ್ತಾ ನೀರಿಗೆ ಇಳಿದು ಸತ್ತ. ಎರಡನೆಯವನ ಹೆಸರು ಕೊರೊಮೊನೊಕೊ. ಅವನು ಎರಡು ಸೋರೆ ಬುರುಡೆ ತಂದ. ನದಿಗೆ ಎಸೆದು ಸವಾಲು ಹಾಕಿದ: ನೀನು ನಿಜವಾದ ದೇವರಾದರೆ ಈ ಬುರುಡೆಗಳನ್ನು ಮುಳುಗಿಸು, ಮುಳುಗಿದರೆ ನಾನೇ ಬರ್ತೀನಿ, ಮುಳುಗದಿದ್ದರೆ ನೀನು ಸುಳ್ಳು ದೇವರು, ನಾನ್ಯಾಕೆ ಸಾಯಲಿ? ಸುಳಿಗಾಳಿ ಎದ್ದಿತು, ನೀರು ಬುರುಡೆಗಳನ್ನು ಎಳೆದಾಡಿತು. ಅವು ಕುಣಿಯುತ್ತಾ ತೇಲಿಕೊಂಡು ಹೋದವು. ಅವನು ಬದುಕಿದ. ಒಡ್ಡೂ ನಿಂತಿತು!

ಸಾವಿರದ ಮುನ್ನೂರು ವರ್ಷ ಹಳೆಯ ಪುಸ್ತಕ ಸ್ವಾಮಿ. ದೇವರ ಹೆಸರಿನಲ್ಲಿ ಬಂದ ಮಾತನ್ನೂ ಪರೀಕ್ಷೆ ಮಾಡು ಅನ್ನುವ ಮನುಷ್ಯನನ್ನು ಆ ಪುಸ್ತಕ ಶಿಕ್ಷಿಸಲಿಲ್ಲ, ಗೆಲ್ಲಿಸಿತು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಆ ಪುಟ್ಟ ಗುಡಿಗೆ ಬರೋಣ. ಸೆಂಡಾಯ್ ನಗರದ ಬಯಲಿನಲ್ಲಿ, ಸಮುದ್ರದಿಂದ 5 ಕಿಲೋಮೀಟರಿಗೂ ಹೆಚ್ಚು ಒಳಗೆ, 'ನಮಿವಾಕೆ' ಅನ್ನುವ ದೇಗುಲ ಇದೆ. ನಮಿ ಅಂದರೆ ಅಲೆ, ವಾಕೆ ಅಂದರೆ ಸೀಳುವುದು. ಅಲೆ ಸೀಳಿದ ದೇಗುಲ! ಸಮುದ್ರ ಕಣ್ಣಿಗೂ ಕಾಣದ ಊರಿನಲ್ಲಿ ಅಲೆಯ ಹೆಸರು ಯಾಕೆ? ಊರಿನವರ ಕಥೆ ಹೀಗಿದೆ. ಒಮ್ಮೆ ಮಹಾ ಅಲೆ ಬಂದಾಗ ಸಮುದ್ರದ ದೇವರು ಬಿಳಿ ಕುದುರೆ ಏರಿ ಬಂದು, ಅಲೆಯನ್ನು ಉತ್ತರಕ್ಕೂ ದಕ್ಷಿಣಕ್ಕೂ ಸೀಳಿ ನಿಲ್ಲಿಸಿದರು. ಆ ಕಡೆ 1611ರಲ್ಲಿ ಭಾರೀ ಸುನಾಮಿ ಬಂದು ಸಾವಿರಾರು ಜನ ಸತ್ತಿದ್ದರು. ಆ ನೆನಪಿನ ಮೇಲೆ 1835ರಲ್ಲಿ ಗುಡಿಯನ್ನು ಈಗಿನ ಜಾಗಕ್ಕೆ ತಂದು ನಿಲ್ಲಿಸಿದರು.

2011ರಲ್ಲಿ ಏನಾಯಿತು? ಕಪ್ಪು ನೀರು ಬಯಲಿನ ಒಳಗೆ ಕಿಲೋಮೀಟರುಗಟ್ಟಲೆ ನುಗ್ಗಿತು. ನಮಿವಾಕೆ ಗುಡಿಗೆ ಸುಮಾರು 2 ಕಿಲೋಮೀಟರ್ ಇರುವಾಗ ನಿಂತಿತು.

ಆಹಾ, ದೇವರ ಪವಾಡ ಅಂತ ನಾನಿಲ್ಲಿ ಮ್ಯೂಸಿಕ್ ಹಾಕಿಸಬಹುದಿತ್ತು. ಹಾಕಿಸೋದಿಲ್ಲ. ಸಮುದ್ರಕ್ಕೂ ಗುಡಿಗೂ ನಡುವೆ ಎತ್ತರದ ಮಣ್ಣಿನ ಏರಿಯ ಮೇಲೆ ಒಂದು ಹೈವೇ ಇತ್ತು, ಬಹಳಷ್ಟು ನೀರನ್ನು ತಡೆದದ್ದು ಆ ಏರಿ. ಗುಡಿ ಮಾಡಿದ ಕೆಲಸ ಬೇರೆಯೇ. ಸಮುದ್ರ ಇಷ್ಟು ದೂರ ಬರಬಲ್ಲದು ಅಂತ ಅದು ನೂರಾರು ವರ್ಷದಿಂದ ಹೇಳುತ್ತಾ ನಿಂತಿತ್ತು. ಹೆಸರೇ ಬೋರ್ಡ್ ಆಗಿತ್ತು. ಫೋನಿನಲ್ಲಿ ಆ ಕೊಡಗಿನವರು ಕೇಳಿದರಲ್ಲ, ಎಲ್ಲಿ ಅಂತ? ಆ ಗುಡಿ ಹೇಳುತ್ತಿದ್ದದ್ದು ಅದೇ: ಇಲ್ಲಿಯವರೆಗೆ.

ಇನ್ನೂ ಹಳೆಯ ಸಾಕ್ಷಿಯೂ ಇತ್ತು. 869ರಲ್ಲಿ ಅದೇ ಬಯಲಿಗೆ ಸಮುದ್ರ ನುಗ್ಗಿ ಸಾವಿರ ಜನ ಮುಳುಗಿದರು ಅಂತ ಅರಮನೆಯ ಚರಿತ್ರೆಯಲ್ಲಿ ಬರೆದಿದ್ದಾರೆ. ಭೂವಿಜ್ಞಾನಿಗಳು ಗದ್ದೆಗಳನ್ನು ಅಗೆದು, ಆ ಅಲೆ ತಂದು ಹಾಕಿದ ಮರಳಿನ ಪದರವನ್ನು 2011ಕ್ಕೂ ಮೊದಲೇ ಪತ್ತೆ ಹಚ್ಚಿದ್ದರು. ಪುಸ್ತಕ ಹೇಳಿತು, ಮಣ್ಣು ಹೇಳಿತು, ಗುಡಿ ಹೇಳಿತು. ಕೇಳಬೇಕಾದ ಕಿವಿಗಳಿಗೆ ಪೂರ್ತಿ ತಲುಪಲಿಲ್ಲ.

ಸುನಾಮಿ ಆದ ಮೇಲೆ ಟೋಕಿಯೋದ ಸಂಶೋಧಕರು ಮಿಯಾಗಿ ಪ್ರಾಂತದ ಕರಾವಳಿಯ 200ಕ್ಕೂ ಹೆಚ್ಚು ದೇಗುಲಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರು. ಹೆಚ್ಚಿನವು ಉಳಿದಿದ್ದವು. ಅದರಲ್ಲೂ ಒಂದು ಸೂಕ್ಷ್ಮ ಕಂಡಿತು. ಸರ್ಪ ಕೊಂದ ಸುಸಾನೊ ದೇವರ ಗುಡಿಗಳು ಬಹುತೇಕ ಬಚಾವ್. ಇನಾರಿ ದೇವರ ಗುಡಿಗಳಿಗೆ ಪೆಟ್ಟು ಜಾಸ್ತಿ. ಸುಸಾನೊಗೆ ಶಕ್ತಿ ಹೆಚ್ಚು, ಇನಾರಿಗೆ ಕಡಿಮೆ ಅಂತಲಾ? ಅಲ್ಲ. ಇನಾರಿ ಭತ್ತದ ದೇವರು, ಗುಡಿ ಇರುವುದು ಗದ್ದೆಯ ಪಕ್ಕದ ತಗ್ಗಿನಲ್ಲಿ. ಸುಸಾನೊ ನೆರೆ ಮತ್ತು ರೋಗ ಬಂದಾಗ ಮೊರೆ ಹೋಗುವ ದೇವರು. ಆಪತ್ತಿನಲ್ಲಿ ಓಡಿ ಹೋಗಬೇಕಾದ ಗುಡಿಯನ್ನು ಹಿರಿಯರು ನೀರು ಮುಟ್ಟದ ಜಾಗದಲ್ಲಿ ಕಟ್ಟಿದ್ದರು. ದೇವರ ಹೆಸರಿಗೂ ನೆಲದ ಎತ್ತರಕ್ಕೂ ಲೆಕ್ಕ ಇತ್ತು.

ಸಮುದ್ರ ಬಿಟ್ಟು ಬೆಟ್ಟಕ್ಕೆ ಹತ್ತೋಣ. ನಡು ಜಪಾನಿನ ಕಿಸೊ ಕಣಿವೆಯಲ್ಲಿ ಮಣ್ಣು, ಬಂಡೆ, ಮರ, ನೀರು ಎಲ್ಲ ಸೇರಿ ಹಳ್ಳದಲ್ಲಿ ಒಮ್ಮೆಗೇ ಇಳಿದು ಬರುವುದಕ್ಕೆ 'ಜಾನುಕೆ' ಅಂತಾರೆ. ಸರ್ಪ ನುಸುಳಿ ಹೋಯಿತು ಅಂತ ಅರ್ಥ. ನಗಿಸೊ ಅನ್ನುವ ಊರಿನಲ್ಲಿ 1953ರಲ್ಲಿ ಹೀಗೆ ಸರ್ಪ ಇಳಿದು ಮೂವರು ಸತ್ತರು. 1960ರಲ್ಲಿ ಅಲ್ಲಿ ಸ್ಮಾರಕ ನಿಲ್ಲಿಸಿ, ಹಿರಿಯರ ಮಾತುಗಳನ್ನು ಕಲ್ಲಿನ ಮೇಲೆ ಕೆತ್ತಿದರು. ಅದರಲ್ಲಿ ಪ್ರಾರ್ಥನೆ ಇಲ್ಲ, ಲಕ್ಷಣಗಳಿವೆ. ಎದುರಿನದು ಕಾಣದಷ್ಟು ಬೆಳ್ಳಗೆ ಮಳೆ ಸುರಿದರೆ ಸರ್ಪ ಬರುತ್ತದೆ. ಬೆಟ್ಟದ ಚಾಚು ಮುಗಿಯುವಲ್ಲಿ, ಕಣಿವೆಯ ಬಾಯಲ್ಲಿ, ಗುಡಿಯ ಎದುರಿಗೆ ಮನೆ ಕಟ್ಟಬೇಡ. ಬಹಳ ದಿನ ಮಳೆ ಹೊಯ್ದ ಮೇಲೆ ಹಳ್ಳದ ನೀರು ಇದ್ದಕ್ಕಿದ್ದಂತೆ ನಿಂತರೆ ಅಪಾಯ. ಸರ್ಪ ಬರುವ ಮುನ್ನ ಸುಟ್ಟ ವಾಸನೆ ಬರುತ್ತದೆ.

ಇವತ್ತಿನ ವಿಜ್ಞಾನದ ಮುಂದೆ ಇಟ್ಟು ನೋಡಿ. ಮಳೆಯಲ್ಲಿ ಹಳ್ಳ ಬತ್ತುವುದು ಯಾಕೆ? ಮೇಲೆ ಗುಡ್ಡ ಜಾರಿ ಹಳ್ಳಕ್ಕೆ ಅಡ್ಡ ಬಿದ್ದು ನೀರು ಕಟ್ಟಿಕೊಂಡಿರುತ್ತದೆ. ಆ ಕಟ್ಟೆ ಒಡೆದರೆ ಕೆಳಗಿನ ಊರಿಗೆ ನಿಮಿಷಗಳೂ ಸಿಗುವುದಿಲ್ಲ. ಸುಟ್ಟ ವಾಸನೆ ಯಾಕೆ? ಬಂಡೆಗೆ ಬಂಡೆ ಉಜ್ಜಿ, ಮಣ್ಣು ಮಗುಚಿ ಏಳುವ ವಾಸನೆ ಅದು. ಸರ್ಪ ಅನ್ನೋದು ಹೆಸರು ಮಾತ್ರ, ಉಳಿದದ್ದೆಲ್ಲ ಕಣ್ಣಾರೆ ಕಂಡದ್ದು. ಅದೇ ನಗಿಸೊದಲ್ಲಿ 2014ರ ಜುಲೈನಲ್ಲಿ ಮತ್ತೆ ಸರ್ಪ ಇಳಿಯಿತು, ಒಬ್ಬ ಹುಡುಗ ತೀರಿಕೊಂಡ.

ಹಾಗಂತ ಜಪಾನಿನ ಎಲ್ಲ ಕಥೆಗಳೂ ಎಲ್ಲಿ ಅಂತ ಹೇಳುವುದಿಲ್ಲ. ಯಾಕೆ ಅಂತ ಮಾತ್ರ ಹೇಳುವ ಕಥೆಗಳೂ ಇವೆ. ಅದರಲ್ಲಿ ದೊಡ್ಡದು ಕ್ಯಾಟ್‌ಫಿಶ್, ಉದ್ದ ಮೀಸೆಯ ಮೀನಿನದು. ಭೂಮಿಯ ಕೆಳಗೆ ದೈತ್ಯ ಮೀನು ಮಲಗಿದೆ, ಕಾಶಿಮಾ ದೇಗುಲದ ದೇವರು ಅದರ ತಲೆಯ ಮೇಲೆ ಕಲ್ಲು ಹೇರಿ ಅದುಮಿಟ್ಟಿದ್ದಾರೆ, ಅವರು ಕೈ ಸಡಿಲ ಬಿಟ್ಟರೆ ಭೂಕಂಪ. 1855ರ ನವೆಂಬರ್ 11ರ ರಾತ್ರಿ ಎದೊ, ಅಂದರೆ ಇವತ್ತಿನ ಟೋಕಿಯೋ, ನಡುಗಿ ಸಾವಿರಾರು ಜನ ಸತ್ತರು. ಅದು ಅವರ ಪಂಚಾಂಗದ ಹತ್ತನೇ ತಿಂಗಳು, ದೇವರುಗಳೆಲ್ಲ ಸಭೆಗೆ ಇಝುಮೊಗೆ ಹೋಗುವ ತಿಂಗಳು. ಕಾಶಿಮಾ ದೇವರು ಡ್ಯೂಟಿಯಲ್ಲಿ ಇರಲಿಲ್ಲ, ಅದಕ್ಕೇ ಹೀಗಾಯಿತು ಅಂದರು ಜನ! ಕೆಲವೇ ದಿನಗಳಲ್ಲಿ ಮೀನಿನ ಬಣ್ಣದ ಚಿತ್ರಗಳು ಬೀದಿಯಲ್ಲಿ ಮಾರಾಟಕ್ಕೆ ಬಂದವು. ಒಂದರಲ್ಲಿ ಜನ ಮೀನಿಗೆ ಹೊಡೆಯುತ್ತಿದ್ದಾರೆ. ಇನ್ನೊಂದರಲ್ಲಿ ಬಡಗಿಗಳು, ಗಾರೆಯವರು ಮೀನಿಗೆ ಕೈ ಮುಗಿಯುತ್ತಿದ್ದಾರೆ, ಯಾಕೆಂದರೆ ಊರು ಬಿದ್ದರೆ ಅವರಿಗೆ ಕೈತುಂಬ ಕೆಲಸ. ಸರ್ಕಾರ ಕೊನೆಗೆ ಆ ಚಿತ್ರಗಳನ್ನೇ ನಿಷೇಧಿಸಿತು.

ನಗು ಬರುತ್ತೆ, ಸಮಾಧಾನವೂ ಆಗುತ್ತೆ. ಆದರೆ ಆ ಕಥೆ ಯಾರ ಮನೆಯನ್ನೂ ಉಳಿಸಲಿಲ್ಲ. ನನ್ನ ಆ ದಿನದ ಪಟ್ಟಿಯ ಹಾಗೆಯೇ ಅದು. ತಮಾಷೆ ಏನು ಗೊತ್ತಾ? ಇವತ್ತು ಟೋಕಿಯೋದ ಮುಖ್ಯ ರಸ್ತೆಗಳಲ್ಲಿ ಅದೇ ಮೀನಿನ ಚಿತ್ರದ ಬೋರ್ಡುಗಳಿವೆ. ದೊಡ್ಡ ಭೂಕಂಪ ಆದರೆ ಈ ರಸ್ತೆ ಸಾಮಾನ್ಯ ವಾಹನಗಳಿಗೆ ಬಂದ್, ಆಂಬುಲೆನ್ಸು, ಅಗ್ನಿಶಾಮಕದವರಿಗೆ ಮಾತ್ರ ಅಂತ. ಯಾಕೆ ಅನ್ನುತ್ತಿದ್ದ ಮೀನಿನ ಬಾಯಲ್ಲೂ ಅವರು ಎಲ್ಲಿ ಅನ್ನೋದನ್ನು ಹೇಳಿಸಿದ್ದಾರೆ.

ಇನ್ನು ಕಹಿ ಮಾತು. ಗುಡಿ ಇದ್ದರೆ, ಕಲ್ಲು ಇದ್ದರೆ ಸಾಕಾ? ಸಾಲದು. ಹಿರೋಶಿಮಾ ಪ್ರಾಂತದ ಕೊಯಾಉರಾ ಅನ್ನುವ ಕಡೆ 1907ರಲ್ಲಿ ನೆರೆ ಬಂದು 44 ಜನ ಸತ್ತಿದ್ದರು. ಅಲ್ಲಿ ಸ್ಮಾರಕದ ಕಲ್ಲೂ ಇತ್ತು. 2018ರ ಜುಲೈನಲ್ಲಿ, ನಮ್ಮ ಕೊಡಗಿನ ದುರಂತಕ್ಕೆ ಒಂದು ತಿಂಗಳು ಮೊದಲು, ಪಶ್ಚಿಮ ಜಪಾನಿನಲ್ಲಿ ಭೀಕರ ಮಳೆಯಾಗಿ 200ಕ್ಕೂ ಹೆಚ್ಚು ಜನ ಸತ್ತರು. ಕೊಯಾಉರಾದಲ್ಲೂ ಬೆಟ್ಟ ಇಳಿದು ಬಂತು, ಮತ್ತೆ ಹತ್ತಕ್ಕೂ ಹೆಚ್ಚು ಜನ ಹೋದರು. ಕಲ್ಲು ಇರೋದು ಗೊತ್ತಿತ್ತು, ಅದರಲ್ಲಿ ಏನು ಬರೆದಿದೆ ಅಂತ ಗಮನ ಕೊಟ್ಟಿರಲಿಲ್ಲ ಅಂದರು ಊರವರು. ಜಪಾನ್ ಸರ್ಕಾರದ ನಕ್ಷೆ ಇಲಾಖೆ ಇದರಿಂದ ಪಾಠ ಕಲಿತು, 2019ರಲ್ಲಿ ಅಂಥ ಕಲ್ಲುಗಳಿಗೆಂದೇ ನಕ್ಷೆಯಲ್ಲಿ ಹೊಸ ಚಿಹ್ನೆ ತಂದಿತು. ದೇವಸ್ಥಾನ, ಶಾಲೆ, ಆಸ್ಪತ್ರೆಗೆ ಚಿಹ್ನೆ ಇರುವ ಹಾಗೆ, ಹಿಂದೆ ಇಲ್ಲಿ ದುರಂತ ನಡೆದಿತ್ತು ಎನ್ನುವುದಕ್ಕೂ ಒಂದು ಚಿಹ್ನೆ.

ನಮ್ಮ ವೃತ್ತಿಯವರ ತಪ್ಪನ್ನೂ ಹೇಳಿಬಿಡ್ತೀನಿ. 2014ರ ಆಗಸ್ಟ್ 20ರಂದು ಹಿರೋಶಿಮಾ ನಗರದ ಅಂಚಿನಲ್ಲಿ ಗುಡ್ಡ ಕುಸಿದು 70ಕ್ಕೂ ಹೆಚ್ಚು ಜನ ಸತ್ತಾಗ, ಹೆಚ್ಚು ಹಾನಿಯಾದ ಬಡಾವಣೆಗೆ ಹಿಂದೆ 'ಸರ್ಪ ಬಿದ್ದ ಜಾಗ, ಕೆಟ್ಟ ಕಣಿವೆ' ಅನ್ನುವ ಅರ್ಥದ ಹೆಸರಿತ್ತು ಅಂತ ಅಲ್ಲಿನ ಟೀವಿಯಲ್ಲಿ ದೊಡ್ಡ ಸುದ್ದಿಯಾಯಿತು. ಆ ಬೆಟ್ಟದಲ್ಲಿ ಒಬ್ಬ ಸಮುರಾಯ್ ಮಹಾಸರ್ಪವನ್ನು ಕಡಿದ ಎನ್ನುವ 16ನೇ ಶತಮಾನದ ಕಥೆ ಇರೋದು ನಿಜ. ಆದರೆ ಆ ಉದ್ದ ಹೆಸರು ಅಷ್ಟು ಹಳೆಯದಾ ಅಂತ ಸ್ಥಳನಾಮ ಬಲ್ಲವರು ಆಮೇಲೆ ಪ್ರಶ್ನೆ ಎತ್ತಿದರು. ಕಥೆ ಚೆನ್ನಾಗಿದ್ದರೆ ನಾವು ಟೀವಿಯವರು ಪರೀಕ್ಷೆ ಮಾಡದೆ ಹೊತ್ತು ತಿರುಗ್ತೀವಿ. ಸೋರೆ ಬುರುಡೆ ಎಸೆದು ನೋಡುವ ಬುದ್ಧಿ ನಮಗೂ ಬೇಕು.

ಹಾಗಾದರೆ ನೆನಪನ್ನು ಉಳಿಸಿಕೊಳ್ಳೋದು ಹೇಗೆ? ಎರಡು ಹಬ್ಬಗಳ ಕಥೆ ಹೇಳ್ತೀನಿ.

ಮೊದಲನೆಯದು ಯಮನಾಶಿ ಪ್ರಾಂತದ್ದು. ಅಲ್ಲಿ ಕಾಮನಾಶಿ ನದಿಗೆ 16ನೇ ಶತಮಾನದಲ್ಲಿ ತಕೆದಾ ಶಿಂಗೆನ್ ಅನ್ನುವ ದೊರೆ ಒಡ್ಡು ಕಟ್ಟಿಸಿದ. ಜಾಗದ ಹೆಸರು ರಿಯುಓ, ಅಂದರೆ ಡ್ರ್ಯಾಗನ್ ರಾಜ. ಆ ದೊರೆ ನದಿಯ ಜೊತೆ ಕುಸ್ತಿಗೆ ನಿಲ್ಲಲಿಲ್ಲ. ಒಡ್ಡಿನಲ್ಲಿ ಬೇಕೆಂದೇ ಅಲ್ಲಲ್ಲಿ ಬಾಯಿ ಬಿಟ್ಟ, ಉಕ್ಕಿದ ನೀರು ಹಿಂದಕ್ಕೆ ಹರಡಿ ಮತ್ತೆ ನದಿಗೇ ಇಳಿಯುವಂತೆ. ಮರದ ದಿಮ್ಮಿಗಳನ್ನು ಕಟ್ಟಿ, ಕಲ್ಲಿನ ಭಾರ ಹೇರಿ ನದಿಯೊಳಗೆ ನಿಲ್ಲಿಸಿ ನೀರಿನ ರಭಸ ಮುರಿಯುವ ಚೌಕಟ್ಟುಗಳಿದ್ದವು. ಅವಕ್ಕೆ 'ಪವಿತ್ರ ಎತ್ತು' ಅಂತ ಹೆಸರು! ಈ ಒಡ್ಡಿಗೆ ಪ್ರತಿ ಏಪ್ರಿಲ್‌ನಲ್ಲಿ ದೇವರ ಪಲ್ಲಕ್ಕಿ ಬರುತ್ತದೆ, 'ಒಮಿಯುಕಿ' ಉತ್ಸವ. ದೇವಿಯ ಪಲ್ಲಕ್ಕಿ ಹೊರುವ ಗಂಡಸರು ಹೆಂಗಸರ ಉಡುಪು ತೊಟ್ಟು, ಕೂಗು ಹಾಕುತ್ತಾ, ಒಡ್ಡಿನ ಮೇಲೆ ಕಾಲು ಅಪ್ಪಳಿಸಿ ಕುಣಿಯುತ್ತಾರೆ. ಯಾಕೆ? ನೂರಾರು ಜನ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ಇಡೀ ಊರು ಒಡ್ಡಿನ ಮೇಲೆ ನಡೆದರೆ ಬಿರುಕು ಎಲ್ಲಿದೆ ಅಂತ ಕಣ್ಣಿಗೆ ಬೀಳುತ್ತದೆ. ಪೂಜೆಯೂ ಆಯಿತು, ಒಡ್ಡಿನ ದುರಸ್ತಿಯೂ ಆಯಿತು.

ಎರಡನೆಯದು ತೀರಾ ಹೊಸದು. 2011ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳಕೊಂಡ ಊರು ಕಾಮೈಶಿ. ಅಲ್ಲಿನ ಒಂದು ಬೌದ್ಧ ದೇವಾಲಯ ಎತ್ತರದಲ್ಲಿದೆ. 2014ರಿಂದ ಪ್ರತಿ ಫೆಬ್ರುವರಿಯಲ್ಲಿ ತಗ್ಗಿನ ಪೇಟೆಯಿಂದ ಆ ದೇವಾಲಯಕ್ಕೆ ಓಟದ ಸ್ಪರ್ಧೆ. ಸುಮಾರು 300 ಮೀಟರ್ ದೂರ, 26 ಮೀಟರ್ ಏರು. ಮಕ್ಕಳು, ಹೆಂಗಸರು, ಮಗುವನ್ನು ಎತ್ತಿಕೊಂಡ ತಾಯ್ತಂದೆಯರು, ಎಲ್ಲರೂ ಓಡುತ್ತಾರೆ. ಗೆದ್ದವರಿಗೆ ಆ ವರ್ಷದ ಅದೃಷ್ಟವಂತರು ಅನ್ನುವ ಬಿರುದು. ಓಟದ ಉದ್ದೇಶ ಒಂದೇ: ಭೂಮಿ ನಡುಗಿದರೆ ಯೋಚನೆ ಮಾಡ್ತಾ ನಿಲ್ಲಬೇಡಿ, ಕಾಲಿಗೆ ದಾರಿ ಗೊತ್ತಿರಲಿ.

ಆ ಓಟದ ಹೆಸರು ಇದಾತೆನ್ ಓಟ. ಇದಾತೆನ್ ಅಂದರೆ ಗಾಳಿಯಂತೆ ಓಡುವ ದೇವರು. ಯಾರು ಗೊತ್ತಾ? ನಮ್ಮ ಸ್ಕಂದ. ನಾವು ನಾಗದೋಷ ಕಳೆಯಲಿ ಅಂತ ಕುಕ್ಕೆಯಲ್ಲಿ ಕೈ ಮುಗಿಯುವ ಸುಬ್ರಹ್ಮಣ್ಯ, ಬೌದ್ಧರ ಜೊತೆ ಜಪಾನಿಗೆ ಹೋಗಿ ಅಲ್ಲಿ ಜನರಿಗೆ ಬೆಟ್ಟ ಹತ್ತೋದು ಕಲಿಸ್ತಾ ಇದ್ದಾನೆ.

ದೇವರನ್ನು ನಂಬಿ, ಬಿಡಿ, ಅದು ನಿಮ್ಮ ನಿಮ್ಮ ಮನೆಯ ವಿಷಯ. ನಾನು ಹೇಳೋದು ಇಷ್ಟೇ. ನಮ್ಮ ಹಿರಿಯರೂ ಹಳ್ಳದ ತಿರುವಿಗೆ, ಬೆಟ್ಟದ ಬುಡಕ್ಕೆ, ಕೆರೆ ಏರಿಗೆ ದೇವರನ್ನು ಕೂರಿಸಿದ್ದಾರೆ. ಆ ಕಲ್ಲಿಗೆ ಕುಂಕುಮ ಹಚ್ಚಿ ಬರುವಾಗ ಒಂದು ನಿಮಿಷ ನಿಲ್ಲಿ. ಇದನ್ನು ಇಲ್ಲೇ ಯಾಕಿಟ್ಟರು ಅಂತ ಊರಿನ ಹಿರಿಯ ಜೀವಗಳನ್ನು ಕೇಳಿ. ಎಲ್ಲ ಕಲ್ಲೂ ಎಚ್ಚರಿಕೆಯ ಕಲ್ಲಲ್ಲ, ಪರೀಕ್ಷೆ ಮಾಡಿ. ಆದರೆ ಕೇಳದೆ ಮಾತ್ರ ಇರಬೇಡಿ. ಹೇಳುವವರು ಒಬ್ಬೊಬ್ಬರೇ ಹೋಗ್ತಾ ಇದ್ದಾರೆ.

ಪರಿಹಾರ ಕೇಂದ್ರದಿಂದ ಫೋನ್ ಮಾಡಿದ ಆ ಯಜಮಾನರ ನಂಬರನ್ನು ನಾನು ಅವತ್ತು ಬರೆದಿಟ್ಟುಕೊಳ್ಳಲಿಲ್ಲ. ಬ್ರೇಕ್ ಮುಗಿಸಿ ವಾಪಸ್ ಬರುವಷ್ಟರಲ್ಲಿ ಲೈನ್ ಕಟ್ ಆಗಿತ್ತು. ಇದನ್ನು ಅವರು ಓದುತ್ತಿದ್ದರೆ, ಸ್ವಾಮಿ, ನಿಮ್ಮ ಪ್ರಶ್ನೆಯೇ ಸರಿ ಇತ್ತು. ನನ್ನ ಪಟ್ಟಿ ತಪ್ಪಾಗಿತ್ತು.